ನೀಲಿಗಟ್ಟಿದ ಬ್ರೇಕ್ ಡ್ರಮ್ಮು

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ನಮ್ಮ ಹೈಸ್ಕೂಲಿಗೆ ನನ್ನ ಕಾರಿನಲ್ಲಿ ಆರು ವರ್ಷ ಮೂವರು ಹೋಗಿ ಬಂದೆವು. ಸ್ಟೇರಿಂಗ್ ಹಿಡಿಯುತ್ತಿದ್ದವಳು ನಾನು, ವಿಜ್ಞಾನ ಕಲಿಸುವವಳು. ಪಕ್ಕದ ಸೀಟಿನಲ್ಲಿ ಕನ್ನಡ ಕಲಿಸುವ ನನ್ನ ಗೆಳತಿ. ಹಿಂದೆ, ಆ ಆರನೇ ವರ್ಷಕ್ಕೆ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಗಣಿತದ ಮಾಸ್ತರು. ಕಾರು ಸಣ್ಣದು, ಬೂದಿ ಬಣ್ಣದ್ದು, ನನಗಿಂತ ಮೊದಲು ಇನ್ನೊಬ್ಬರ ಕೈಯಲ್ಲಿ ಓಡಿದ್ದು. ಅದರ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಹಿಂದಿನದಕ್ಕೆ ಡ್ರಮ್ ಬ್ರೇಕು ಎಂಬುದಷ್ಟೇ ನನಗೆ ತಿಳಿದಿತ್ತು. ಡ್ರಮ್ಮಿನ ಒಳಗೆ ಏನಿರುತ್ತದೆ ಎಂದು ಇಣುಕಿ ನೋಡುವ ಪ್ರಸಂಗ ಬಂದಿರಲಿಲ್ಲ.

ಗೆಳತಿ ಎಂದರೆ ಬರೀ ಜೊತೆಗೆ ಕೆಲಸ ಮಾಡುವವಳಲ್ಲ. ನಾನು ಈ ಶಾಲೆಗೆ ವರ್ಗವಾಗಿ ಬಂದ ಮೊದಲ ದಿನ ತನ್ನ ಡಬ್ಬಿಯ ಮುಚ್ಚಳದಲ್ಲಿ ಅರ್ಧ ರೊಟ್ಟಿ, ಒಂದು ಚಮಚ ಶೇಂಗಾ ಹಿಂಡಿ ಹಾಕಿ ನನ್ನ ಮುಂದೆ ತಳ್ಳಿದವಳು. ನನಗೆ ಆಪರೇಷನ್ ಆದಾಗ ನನ್ನ ತರಗತಿಗಳನ್ನೂ ತಾನೇ ತೆಗೆದುಕೊಂಡು, ಬೆಳಕಿನ ವಕ್ರೀಭವನದ ಪಾಠವನ್ನು ಹಳಗನ್ನಡ ಪದ್ಯದ ಹಾಗೆ ರಾಗವಾಗಿ ಓದಿಸಿದ್ದಳು. ಮಕ್ಕಳು ಅದನ್ನು ಅದೇ ರಾಗದಲ್ಲಿ ನನಗೆ ಒಪ್ಪಿಸಿದಾಗ ಹೊಲಿಗೆ ಬಿಚ್ಚುವಷ್ಟು ನಕ್ಕಿದ್ದೆ.

ನಲವತ್ತು ದಾಟಿದ ಮೇಲೆ ಅವಳಿಗೆ ಕಾರು ಕಲಿಯುವ ಹುಕಿ ಬಂತು. ಮನೆಯಲ್ಲಿ ಹೇಳಿದರೆ ಗಂಡ ನಗುತ್ತಾನೆಂದು ನನ್ನನ್ನು ಕೇಳಿದಳು. ಒಂದು ಇಡೀ ಬೇಸಿಗೆ, ಭಾನುವಾರ ಬೆಳಗಾದರೆ, ಊರ ಹೊರಗೆ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಲೇಔಟಿನಲ್ಲಿ ಇಬ್ಬರೂ ಸುತ್ತುತ್ತಿದ್ದೆವು. ಚೆನ್ನಾಗಿ ಕಲಿತಳು. ಕೈ ಗಟ್ಟಿ, ಕಣ್ಣು ಚುರುಕು. ಹ್ಯಾಂಡ್‌ಬ್ರೇಕನ್ನು ಅರ್ಧ ಇಳಿಸಿ ಹೊರಡುವ ಒಂದು ಚಾಳಿ ಮಾತ್ರ ಹೋಗಲಿಲ್ಲ.

"ಪೂರ್ತಿ ಇಳಿಸು" ಅನ್ನುತ್ತಿದ್ದೆ.

"ಇಳಿಸೇನಲ್ಲ."

"ಕೆಂಪು ಲೈಟ್ ನೋಡು, ಇನ್ನೂ ಉರಿಯಾಕತ್ತೈತಿ."

"ನಿನ್ನ ಕಾರಿನ್ಯಾಗ ಉರಿಯೂವು ಲೈಟ್ ಬಾಳ ಅದಾವ, ಯಾವದಂತ ನೋಡ್ಲಿ?"

ಲೈಸೆನ್ಸ್ ಬಂದ ಮೇಲೆ ಒಂದು ಶನಿವಾರ ಕಾರು ಕೇಳಿದಳು. ಸಿಂದಗಿಯ ಹತ್ತಿರ ಅವಳ ತವರು. "ಅವ್ವಗ ತೋರಸಬೇಕು, ನಾನಽ ಹೊಡಕೊಂಡ ಬಂದೇನಿ ಅಂತ" ಅಂದಳು. ಕೀಲಿ ಕೊಟ್ಟೆ. ಕೊಡುವಾಗ ಸ್ವಂತ ಮಗಳನ್ನು ಪರೀಕ್ಷೆಗೆ ಕಳಿಸಿದಂಥ ಹೆಮ್ಮೆ ನನಗೆ. ಮರುದಿನ ಸಂಜೆ ಕಾರು ತಂದು ಬಿಟ್ಟಳು. ಜೊತೆಗೆ ತವರಿನ ತೋಟದ ಒಂದು ಚೀಲ ನಿಂಬೆಹಣ್ಣು. ಕಾರು ಲಕಲಕ ಅನ್ನುತ್ತಿತ್ತು. ಗಾಲಿಗಳನ್ನೂ ಬಿಡದೆ ತೊಳೆಸಿದ್ದಳು.

"ಯಾಕ ತೊಳಸಾಕ ಹೋದಿ?" ಅಂದೆ.

"ದಾರ್ಯಾಗ ರಾಡಿ ಆತು" ಅಂದಳು.

ಬೇರೆಯವರ ವಸ್ತುವನ್ನು ತಂದ ಹಾಗೇ ಹಿಂದಿರುಗಿಸದೆ ಇನ್ನಷ್ಟು ಚಂದ ಮಾಡಿ ಕೊಡುತ್ತಾಳಲ್ಲ ಎಂದು ಆ ರಾತ್ರಿ ಗಂಡನ ಮುಂದೆ ಹೊಗಳಿದ್ದೆ.

ಸದ್ದು ಶುರುವಾದದ್ದು ಅದೇ ವಾರ. ಮೊದಲು ಬೆಳಿಗ್ಗೆ ಮನೆಯ ಮುಂದೆ ರಿವರ್ಸ್ ತೆಗೆದು ಬ್ರೇಕ್ ತುಳಿದಾಗ ಸಣ್ಣಗೆ ಕಿರ್ ಅಂತು. ಆಮೇಲೆ ಪ್ರತಿ ಸ್ಪೀಡ್ ಬ್ರೇಕರಿಗೂ ಬಂತು. ಎರಡು ವಾರಕ್ಕೆ, ಫರಸಿ ಕಲ್ಲಿನ ಮೇಲೆ ತಗಡು ಎಳೆದ ಹಾಗಾಯಿತು. ಶಾಲೆಯ ಗೇಟಿನಲ್ಲಿ ನಾನು ನಿಧಾನ ಮಾಡಿದರೆ ಪ್ರಾರ್ಥನೆಗೆ ನಿಂತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು.

"ಬಾಯೋರ, ನಿಮ್ಮ ಗಾಡಿ ಬಂದದ್ದು ಊರಿಗೆಲ್ಲಾ ಗೊತ್ತಾಗತೈತಿ ನೋಡ್ರಿ" ಎಂದು ಮಾಸ್ತರು ನಗೆಯಾಡಿದರು.

"ಏನ್ ಬಿಡ್ರಿ ಸರ, ಅಷ್ಟೇನ್ ಕೇಳಸಂಗಿಲ್ಲ" ಎಂದು ಗೆಳತಿ ನನ್ನ ಪರ ವಹಿಸಿದಳು.

ಗ್ಯಾರೇಜು ತೋರಿಸಿದವಳೂ ಅವಳೇ. ಅವಳ ಗಂಡನ ದಾಯಾದಿಯೊಬ್ಬನದು ಮುದ್ದೇಬಿಹಾಳದಲ್ಲೇ ಇತ್ತು. "ನಿನಗ ಮಧ್ಯಾಹ್ನ ಪಿರಿಯಡ್ ಅದಾವ, ನಾ ಒಯ್ದು ಕೊಟ್ಟ ಬರ್ತೇನಿ" ಎಂದು ತಾನೇ ಕಾರು ಒಯ್ದಳು, ಸಂಜೆ ತಾನೇ ತಂದಳು. ಹಿಂದಿನ ಗಾಲಿಗಳಿಗೆ ಹೊಸ ಶೂ ಹಾಕಿದ್ದಾನೆ ಅಂದಳು. ಅರ್ಧಚಂದ್ರಾಕಾರದ ಎರಡು ಪಟ್ಟಿಗಳಿಗೆ ಶೂ ಅನ್ನುತ್ತಾರೆ. ಬ್ರೇಕ್ ತುಳಿದಾಗ ಅವು ಅಗಲಿ, ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಒಂದು ವಾರ ಕಾರು ಬಾಯಿ ಮುಚ್ಚಿಕೊಂಡಿತ್ತು. ಎಂಟನೇ ದಿನ ಮತ್ತೆ ಶುರು, ಮೊದಲಿಗಿಂತ ಜೋರಾಗಿ. ಈ ಸಲ ನಾನೇ ಗ್ಯಾರೇಜಿಗೆ ಹೋದೆ. "ಹೊಸಾ ಶೂ ಅದಾವ್ರಿ, ಕುಂದ್ರಾಕ ಸ್ವಲ್ಪ ದಿನಾ ಬೇಕು" ಎಂದು ಅವನು ನನ್ನ ಮುಖ ನೋಡದೆ ಹೇಳಿ, ಏನೋ ಬಿಗಿ ಮಾಡಿ ಕಳಿಸಿದ.

ಬಿಗಿ ಮಾಡಿದ ನಾಲ್ಕನೇ ದಿನ ನಿಡಗುಂದಿ ದಾಟಿದ ಮೇಲೆ ರಸ್ತೆಗೆ ಕುರಿಹಿಂಡು ಇಳಿಯಿತು. ಜೋರಾಗಿ ಬ್ರೇಕ್ ತುಳಿದೆ. ಹಿಂದಿನ ಒಂದು ಗಾಲಿ ಮೊದಲು ಹಿಡಿದಿರಬೇಕು, ಕಾರಿನ ಹಿಂಭಾಗ ಕಿರುಚುತ್ತಾ ಪಕ್ಕಕ್ಕೆ ಜಾರಿತು. ರಸ್ತೆಯಂಚಿನ ಜಾಲಿಗೆ ಒಂದು ಮಾರು ದೂರದಲ್ಲಿ ನಿಂತೆವು. ಕುರಿಗಳು ನಾಲ್ಕು ದಿಕ್ಕಿಗೆ ಚೆದುರಿದವು, ಒಂದಕ್ಕೂ ತಾಗಲಿಲ್ಲ. ಕಂಬಳಿ ಹೊದ್ದ ಕುರುಬ ಅಜ್ಜ ಬಂದು ಬಯ್ಯುತ್ತಾನೆಂದುಕೊಂಡರೆ, ಬಗ್ಗಿ ಗಾಲಿ ನೋಡಿ, "ಯವ್ವಾ, ಗಾಡೀಗಿ ಏನೋ ಬ್ಯಾನಿ ಐತಿ, ತೋರಸ್ರಿ" ಅಂದ. ಮಾಸ್ತರ ಟೋಪಿ ಕಾಲ ಬಳಿ ಬಿದ್ದಿತ್ತು. ನನ್ನ ಗೆಳತಿ ಎರಡೂ ಕೈಯಿಂದ ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದಳು. ಶಾಲೆ ಮುಟ್ಟುವವರೆಗೆ ಬಿಡಲಿಲ್ಲ.

ಮರುವಾರ ಮಾಸ್ತರು, ಡಾಕ್ಟರು ನಡೆಯಲು ಹೇಳಿದ್ದಾರೆ, ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಸ್ಸಿಗೆ ಬರುತ್ತೇನೆ ಅಂದರು. ಎರಡು ದಿನ ಬಿಟ್ಟು ಗೆಳತಿ, "ಮಗಳ ಕಾಲೇಜಿನ ಟೈಮ್ ಬದಲಾಗೇತಿ, ನಮ್ಮವ್ರು ಆಕೀನೂ ನನ್ನೂ ಒಟ್ಟಿಗೇ ಬಿಡ್ತಾರ" ಅಂದಳು. ಇಬ್ಬರನ್ನೂ ನಂಬಿದೆ. ಖಾಲಿ ಕಾರಿನಲ್ಲಿ ಒಬ್ಬಳೇ ಹೋಗಿ ಬಂದೆ. ಪಕ್ಕದ ಸೀಟಿನಲ್ಲಿ ಮಾತಿಲ್ಲದೆ ಹೋದಾಗ ಬ್ರೇಕಿನ ಸದ್ದು ಎರಡು ಪಟ್ಟು ಕೇಳಿಸುತ್ತಿತ್ತು.

ಹೀಗೇ ಎರಡು ವಾರ ಕಳೆದಿರಬೇಕು. ಪರೀಕ್ಷೆಯ ಕೆಲಸವೆಂದು ಒಂದು ದಿನ ಮುಕ್ಕಾಲು ಗಂಟೆ ಮುಂಚೆ ಹೊರಟೆ. ಮುದ್ದೇಬಿಹಾಳ ಇನ್ನೇನು ಬಂತು ಅನ್ನುವಾಗ ಮುಂದೆ ಒಂದು ಬಿಳಿ ಕಾರು ಹೋಗುತ್ತಿತ್ತು. ಹೊಚ್ಚ ಹೊಸದು, ನಂಬರ್ ಪ್ಲೇಟಿನ ಜಾಗದಲ್ಲಿ ಕಾಗದ ಅಂಟಿಸಿದ್ದರು. ಮುಂದಿನ ಎಡ ಸೀಟಿನಲ್ಲಿ ಬಿಳಿ ಟೋಪಿ. ಆ ಟೋಪಿಯನ್ನು ಆರು ವರ್ಷ ಕನ್ನಡಿಯಲ್ಲಿ ನೋಡಿದವಳಿಗೆ ಹಿಂದಿನಿಂದ ಗುರುತು ಹತ್ತದಿರುತ್ತದೆಯೇ? ಕಾರು ನಡೆಸುತ್ತಿದ್ದವಳು ಎಡಗೈ ಎತ್ತಿ ಏನೋ ಹೇಳಿದಳು. ಬಳೆಗಳು, ಮಾತಾಡುವಾಗ ಬೆರಳು ಮಡಿಚುವ ರೀತಿ. ನಾನು ಕಲಿಸಿದ ಹಾಗೆಯೇ, ತಿರುವಿಗೆ ಬಹಳ ಮೊದಲೇ ಇಂಡಿಕೇಟರ್ ಹಾಕಿ, ಗ್ಯಾರೇಜಿನ ಕಡೆಗೆ ಹೊರಳಿಸಿದಳು.

ಆ ಕ್ಷಣ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬ್ರೇಕ್ ತುಳಿದರೆ ಸದ್ದಾಗುತ್ತದೆ, ಅವರು ತಿರುಗಿ ನೋಡುತ್ತಾರೆ ಎಂದು ಹೆದರಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರು ಇಳಿಸುತ್ತಾ, ರಸ್ತೆಯ ಅಂಚಿನ ಮಣ್ಣಿಗೆ ಕಾರನ್ನು ಇಳಿಸಿ ತಾನಾಗಿ ನಿಲ್ಲುವವರೆಗೆ ಕೂತೆ. ತಪ್ಪು ಮಾಡಿದವಳು ನಾನು ಅನ್ನುವ ಹಾಗೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳು ಎಂದಿನಂತೆ ಡಬ್ಬಿಯ ಮುಚ್ಚಳ ನನ್ನ ಕಡೆ ಸರಿಸಿದಳು.

"ಇವತ್ತ ಹೆಂಗ ಬಂದಿ?" ಅಂದೆ.

"ನಮ್ಮವ್ರು ಬಿಟ್ರಲ್ಲ" ಅಂದಳು. ಅಂದು, ರೊಟ್ಟಿ ಮುರಿದು ಪಲ್ಯ ಒತ್ತಿಕೊಂಡಳು.

ಆಗಲೂ ನನ್ನ ಮನಸ್ಸು ಅವಳ ಮೇಲೆ ಪೂರ್ತಿ ಮುರಿಯಲಿಲ್ಲ. ನನ್ನ ಕಾರು ಹೆದರಿಸಿತು, ಹೇಳಲು ಸಂಕೋಚಪಟ್ಟರು, ಕಾರು ಸರಿಯಾದರೆ ತಿರುಗಿ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಇಂಡಿಯಲ್ಲಿರುವ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಲಾರಿಗಳ ಬ್ರೇಕ್ ಕೆಲಸದಲ್ಲೇ ಆಯುಷ್ಯ ಕಳೆದವನು ಅವನು. ಈಗ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದ. "ಮೆಲ್ಲಕ ಬಾ, ಮುಂದಿನ ಗಾಡಿಗೆ ದೂರ ಇಟ್ಟು ಬಾ" ಅಂದ. ಭಾನುವಾರ ನಸುಕಿನಲ್ಲಿ ಮನಗೂಳಿ, ಬಿಜಾಪುರದ ಮೇಲೆ ಹಾದು ಸೈಕಲ್ಲಿನವರಿಗೂ ದಾರಿ ಬಿಡುತ್ತಾ ಇಂಡಿ ಮುಟ್ಟಿದೆ.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ನನಗ ಕಾಣಸಂಗಿಲ್ಲ. ನೀನಽ ಬಿಚ್ಚು, ನಾ ಹೇಳ್ತೇನಿ" ಅಂದ. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿದ. ಹ್ಯಾಂಡ್‌ಬ್ರೇಕ್ ಇಳಿಸಿದ್ದೇನೆಯೇ ಎಂದು ಎರಡು ಸಲ ಕೇಳಿದ. ಜ್ಯಾಕ್ ಏರಿಸಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿಸಿ, "ಜ್ಯಾಕ್ ನಂಬಿ ಕೈ ಹಾಕಬ್ಯಾಡ" ಅಂದ. ಗಾಲಿಯನ್ನು ಕೈಯಿಂದ ತಿರುಗಿಸು ಅಂದ. ಕಿವಿಗೊಟ್ಟು ಕೇಳಿ, "ಬೇರಿಂಗ್ ಅಲ್ಲ, ಬೇರಿಂಗ್ ಆದ್ರ ಬೀಸೂಕಲ್ಲಿನಂಗ ಗುರ್ ಅಂತೈತಿ. ಇದು ಒಳಗ ಹತ್ತಿ ಬಿಡಾಕತ್ತೈತಿ" ಅಂದ.

ಗಾಲಿ ತೆಗೆದರೆ ಒಳಗೆ ಬೀಡು ಕಬ್ಬಿಣದ ಡ್ರಮ್ಮು, ಮಗುಚಿ ಹಾಕಿದ ಬೋಗುಣಿಯ ಹಾಗೆ. ಅದರ ಮುಖದ ಮೇಲೆ ಎರಡು ಸಣ್ಣ ತೂತು. ಆ ತೂತುಗಳಿಗೆ ಬೋಲ್ಟ್ ಹಾಕಿ, ಒಂದು ಸುತ್ತು ಇದನ್ನು, ಒಂದು ಸುತ್ತು ಅದನ್ನು ಬಿಗಿಯುತ್ತಾ ಹೋದರೆ ಡ್ರಮ್ಮು ತಾನಾಗಿ ಹೊರಗೆ ಬರುತ್ತದೆ. ಬಂತು. ಒಳಗೆಲ್ಲ ಕಪ್ಪು ಧೂಳು. ಊದಲು ಬಾಯಿ ತೆಗೆದೆ.

"ಊದಬ್ಯಾಡ! ಅದು ಎದ್ಯಾಗ ಹೋಗಿ ಕುಂದರ್ತೈತಿ. ಹಸೀ ಅರಿವಿಲೆ ಒರಸು."

ಒರೆಸಿದೆ. "ಒಳಗಿನ ಮೈ ಹೆಂಗೈತಿ ಹೇಳು. ಬಣ್ಣ ಹೇಳು" ಅಂದ.

"ಬೆಳ್ಳಗ ಹೊಳಿಯಾಕತ್ತೈತಿ. ಅಲ್ಲಲ್ಲೆ ನೀಲಿ ಐತಿ. ಚುಕ್ಕಿ ಚುಕ್ಕಿ."

ಮಾವ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಕೈ ಚಾಚಿ ಡ್ರಮ್ಮು ಇಸಕೊಂಡು ಒಳಗೆ ಹೆಬ್ಬೆರಳು ಆಡಿಸಿದ. "ಆ ಕಡೀದೂ ಬಿಚ್ಚು" ಅಂದ. ಬಿಚ್ಚಿದೆ. ಅದೂ ಹಾಗೇ, ನೀಲಿ ಕಲೆ.

"ಒಂದ ಕಡಿ ಇಷ್ಟಽ ಇದ್ದಿದ್ರ ಸಿಲಿಂಡರ್ ಹಿಡದೈತಿ ಅಂತಿದ್ದೆ. ಎರಡೂ ಕಡಿ ಒಂದಽ ಥರಾ ಐತಿ. ಹ್ಯಾಂಡ್‌ಬ್ರೇಕ್ ಜಗ್ಗಿ ಗಾಡಿ ಹೊಡದವ್ರು ಯಾರು?"

"ಯಾರೂ ಇಲ್ಲ ಮಾವ. ನಾನಂತೂ ಇಲ್ಲ. ಎಂದರ ಒಂದಿನಾ ಮರತಿರಬೇಕು, ಏನೋ."

"ಊರ ಅಗಸಿ ಬಾಗಲ ತನಕ ಮರತ್ರ ಹಿಂಗ ಆಗಂಗಿಲ್ಲ. ಬೀಡು ನೀಲಿ ಆಗಬೇಕಂದ್ರ ಬೆಂಕಿ ಆಗಬೇಕು. ತಾಸಗಟ್ಟಲೆ ಸುಟ್ಟೇತಿ ಇದು. ನಾತ ಬಂದಿರತೈತಿ, ಹೊಗಿ ಬಂದಿರತೈತಿ. ಹೊಡದವ್ರಿಗೆ ಗೊತ್ತಾಗದ ಇರಾಕ ಶಕ್ಯ ಇಲ್ಲ."

ಆಮೇಲೆ ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಬಿಚ್ಚಿಸಿದ. "ನೆಲಕ್ಕ ಒಗಿ" ಅಂದ. ಒಗೆದೆ. ಕಲ್ಲಿನ ಮೇಲೆ ಅದು ಗೆಜ್ಜೆಯ ಹಾಗೆ ಕಿಣಿ ಅಂತು. ಒಳ್ಳೆಯ ಸ್ಪ್ರಿಂಗ್ ಆದರೆ ದಪ್ ಅನ್ನಬೇಕಂತೆ. ಬೆಂಕಿಗೆ ಕಸುವು ಹೋಗಿ ಸುರುಳಿ ಸಡಿಲಾದದ್ದು ಹೀಗೆ ಹಾಡುತ್ತದಂತೆ. ಶೂಗಳು ಒರಗಿಕೊಳ್ಳುವ ಹಿಂದಿನ ತಗಡಿನ ಮೇಲೆ ಗ್ರೀಸು ಸುಟ್ಟು ಹಕ್ಕಳೆಯಾಗಿತ್ತು. ಹೊಸ ಶೂಗಳ ಮೈ ಆಗಲೇ ಗಾಜಿನಂತೆ ನುಣುಪಾಗಿತ್ತು. ಸುಟ್ಟು ಗಟ್ಟಿಯಾದ ಡ್ರಮ್ಮಿಗೆ, ಕಸುವಿಲ್ಲದ ಸ್ಪ್ರಿಂಗಿಗೆ ಹೊಸ ಶೂ ಹಾಕಿದರೆ ಎಂಟು ದಿನ ಸುಮ್ಮನಿದ್ದು ಮತ್ತೆ ಕೂಗಿಯೇ ಕೂಗುತ್ತದೆ ಎಂದ ಮಾವ. "ಶೂ ಹಾಕಿದಾಂವ ಈ ನೀಲಿ ನೋಡಿರತಾನ. ನೋಡಿ ಸುಮ್ಮಕುಂತಾನ."

ನಾನು ಡ್ರಮ್ಮು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ. ಸಿಂದಗಿ ನೆನಪಾಯಿತು. ತಾಸುಗಟ್ಟಲೆ ದಾರಿ ಅದೇ. ಗಾಲಿಗಳನ್ನೂ ಬಿಡದೆ ತೊಳೆಸಿದ್ದು ಯಾವ ನಾತಕ್ಕೆ, ಯಾವ ಕಪ್ಪಿಗೆ ಎಂದು ಆಗ ತಿಳಿಯಿತು. ಆ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿ ಒಂದು ಭರಣಿ ಅವಳ ಮನೆಗೇ ಕಳಿಸಿದ್ದೆ.

ಮಾವನ ಪರಿಚಯದ ಅಂಗಡಿಯವನು ಭಾನುವಾರವಾದರೂ ಅರ್ಧ ಶಟರ್ ಎತ್ತಿ ಹೊಸ ಡ್ರಮ್ಮು, ಸ್ಪ್ರಿಂಗು, ಶೂ ಕೊಟ್ಟ. ಶೂ ಒರಗುವ ಜಾಗಗಳಿಗೆ ಮಾವ ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟೇ ಹಚ್ಚಿಸಿದ. ಹೆಚ್ಚಾದರೆ ಶೂಗೆ ತಾಗಿ ಬ್ರೇಕೇ ಹಿಡಿಯದು. ಗಾಲಿ ತಿರುಗಿಸಿದಾಗ ಒಂದಿಷ್ಟೇ ಸವರಿದ ಸಪ್ಪಳ ಬರುವಷ್ಟು ಹೊಂದಿಸಿದೆವು. ಊರ ಹೊರಗೆ ಹೋಗಿ ಇಪ್ಪತ್ತು ಸಲ ಮೆಲ್ಲಗೆ ಬ್ರೇಕ್ ತುಳಿದು, ರಿವರ್ಸಿನಲ್ಲೂ ತುಳಿದು ಬಂದೆ. ಪಿಟ್ ಅನ್ನಲಿಲ್ಲ. ಮಾವ ಖುಷಿಪಟ್ಟ. ನಾನು ಹಳೆಯ ಡ್ರಮ್ಮುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಸೋಮವಾರ ಮಧ್ಯಾಹ್ನ ಚೀಲ ಹಿಡಿದು ನೇರ ಗ್ಯಾರೇಜಿಗೆ ಹೋದೆ. ಬಿಳಿ ಕಾರು ಅಲ್ಲೇ ಬೇವಿನ ನೆರಳಿನಲ್ಲಿತ್ತು. ಡ್ರಮ್ಮನ್ನು ಅವನ ಮುಂದಿಟ್ಟು, "ಇದು ನೀಲಿ ಆಗಿದ್ದು ನಿನಗ ಮೊದಲಽ ಕಂಡಿತ್ತೇನಪಾ?" ಅಂದೆ.

ಅವನು ಸುಳ್ಳು ಹೇಳಲು ಒಂದು ಕ್ಷಣ ಯೋಚಿಸಿದ, ಆಗಲಿಲ್ಲ. "ಕಂಡಿತ್ರಿ ಬಾಯೋರ. ಡ್ರಮ್ ಬದಲಸಬೇಕು, ಇಲ್ಲಂದ್ರ ಅಡ್ಡ ಎಳದೀತು ಅಂತ ಗಾಡಿ ತಂದವ್ರಿಗೆ ಹೇಳೇನಿ. ಆಕೀಗೆ ಏನೂ ಹೇಳಬ್ಯಾಡ, ಮನಸಿಗೆ ಹಚ್ಕೊಂತಾಳ, ಶೂ ಅಷ್ಟ ಹಾಕಿ ಕಳಸು ಅಂದ್ರು."

"ಎರಡನೇ ಸಲ ನಾನಽ ಬಂದ್ನೆಲ್ಲ. ಆವಾಗ?"

ಅವನು ಕೈಯೊರೆಸುವ ಬಟ್ಟೆಯನ್ನು ನೋಡುತ್ತಾ ನಿಂತ. "ಮನ್ಯಾಗಿನವ್ರ ಮಾತ್ರಿ..." ಅಂದ.

ಸಂಜೆ ಶಾಲೆ ಬಿಟ್ಟ ಮೇಲೆ ಗೆಳತಿಯನ್ನು ಲ್ಯಾಬಿಗೆ ಕರೆದೆ. ಮೇಜಿನ ಮೇಲೆ ಎರಡೂ ಡ್ರಮ್ಮು ಇಟ್ಟಿದ್ದೆ. ನಾನು ಏನೂ ಕೇಳಬೇಕಾಗಲಿಲ್ಲ. ನೋಡಿದವಳೇ ಸ್ಟೂಲಿನ ಮೇಲೆ ಕೂತಳು.

"ದೇವರಹಿಪ್ಪರಗಿ ದಾಟಿದ ಮ್ಯಾಲೆ ಹೊಗಿ ಬಂತು" ಅಂದಳು. "ಗಾಡಿ ನಿಲ್ಲಿಸಿ ನೋಡಿದೆ. ಹ್ಯಾಂಡ್‌ಬ್ರೇಕ್ ಎದ್ದಽ ಇತ್ತು. ನೂರ ಸಲ ಹೇಳಿದ್ದಿ ನೀನು. ಹೆಂಗ ಬಾಯಿ ಬಿಟ್ಟ ಹೇಳ್ಲಿ?"

"ಹೊಗಿ ಬಂದಿದ್ದು ಹೋಗ್ಲಿ. ನಾ ಬೈತಿದ್ದೆ, ಮರೀತಿದ್ದೆ. ಡ್ರಮ್ ಬದಲಸಬೇಕಂತ ಅಂವಾ ಹೇಳಿದ ಮ್ಯಾಲೂ ನನ್ನ ಮುಂದ ಹೇಳಲಿಲ್ಲ. ದಿನಾ ಬಾಜೂಕ ಕುಂತ ಬಂದಿ. ಕುರಿ ಅಡ್ಡ ಬಂದ ದಿನಾ ಗಾಡಿ ಯಾಕ ಜಾರಿತು ಅಂತ ನಿನಗ ಗೊತ್ತಿತ್ತು."

"ಅವತ್ತಽ ನನಗ ಅಂಜಿಕಿ ಹೊಕ್ಕಿತು. ಅದಕ್ಕಽ ನಿನ್ನ ಗಾಡಿ ಬಿಟ್ಟೆ."

"ನೀ ಇಳದಿ. ನಾ ಅದರಾಗಽ ಇದ್ದೆ."

ಅವಳು ಅತ್ತಳು. ಹದಿನಾಲ್ಕು ದಿನ ನಾನು ಆ ಕಾರಿನಲ್ಲಿ ಒಬ್ಬಳೇ ಓಡಾಡಿದ್ದೆ. ದಿನಾ ಸಂಜೆ, ಶಾಲೆಯಿಂದ ನಾನು ಹೊರಡುವುದನ್ನು ಅವಳು ನೋಡಿದ್ದಳು. "ಹುಷಾರ ಹೋಗು" ಎಂದು ಕೈ ಕೂಡ ಬೀಸಿದ್ದಳು. ಅಳುವವಳ ಹೆಗಲ ಮೇಲೆ ಕೈಯಿಡುವುದು ನನಗೆ ಅಭ್ಯಾಸವಾಗಿತ್ತು, ಅಂದು ಕೈ ಏಳಲಿಲ್ಲ. ಡ್ರಮ್ಮುಗಳನ್ನು ಚೀಲಕ್ಕೆ ಹಾಕಿ, ಲ್ಯಾಬಿಗೆ ಬೀಗ ಹಾಕುವುದಿದೆ, ಏಳು ಅಂದೆ.

ಇನ್ನೊಂದು ಮಾತು ನಾಲ್ಕು ದಿನ ಬಿಟ್ಟು ಮಾಸ್ತರ ಬಾಯಿಂದ ಬಂತು. ಒಬ್ಬರೇ ಸಿಕ್ಕಾಗ ನನ್ನ ಮುಂದೆ ನಿಂತು, "ಬಾಯೋರ, ಗ್ಯಾರೇಜಿನಾಂವ ಎಲ್ಲಾ ಹೇಳಿದ, ನಂದೂ ತಪ್ಪ ಐತಿ. ನಿಮ್ಮ ಕಾಲು ಯಾವತ್ತೂ ಬ್ರೇಕಿನ ಮ್ಯಾಲಽ ಇರತೈತಿ, ಅದಕ್ಕಽ ಗಾಡಿ ಹಿಂಗಾಗೇತಿ, ಆಕೀ ಡ್ರೈವಿಂಗ್ ನಂಬೂವಂಗಿಲ್ಲ ಅಂತ ಕನ್ನಡ ಬಾಯೋರು ಹೇಳಿದ್ರು. ನಾ ನಂಬಿದೆ. ನಡಿಗೀದು, ಡಾಕ್ಟರದು ಸುಳ್ಳು" ಅಂದರು. ಮುಚ್ಚಿಟ್ಟದ್ದನ್ನು ಹೆದರಿಕೆ ಎಂದು ಹೇಗೋ ನುಂಗಿಕೊಳ್ಳಬಹುದಿತ್ತು. ತನ್ನ ಕೈ ಮಾಡಿದ್ದನ್ನು ನನ್ನ ಕಾಲಿನ ಮೇಲೆ ಹಾಕಿದ್ದು ಗಂಟಲಲ್ಲಿ ಇಳಿಯಲಿಲ್ಲ. ಅವಳಿಗೆ ಬ್ರೇಕ್ ಎಂದರೆ ಏನೆಂದು ಕಲಿಸಿದ ಕಾಲು ಅದು.

ಮಾಸ್ತರು ಮರುದಿನದಿಂದ ನನ್ನ ಕಾರಿಗೆ ಬಂದರು. ಮುಂದೆ ಕೂರಿ ಅಂದರೂ ಒಪ್ಪದೆ ಹಿಂದೆಯೇ ಕೂತರು. ಗೆಳತಿ ತಾನು ಕೊಂಡ ಬಿಳಿ ಕಾರನ್ನು ಗ್ಯಾರೇಜಿನಲ್ಲಿ ಬಚ್ಚಿಡುವುದು ಬಿಟ್ಟು ಶಾಲೆಯ ಆವರಣಕ್ಕೇ ತರತೊಡಗಿದಳು. ನಾವು ಮಾತು ಬಿಡಲಿಲ್ಲ. ಪ್ರಶ್ನೆಪತ್ರಿಕೆ, ಹಾಜರಿ, ಬಿಸಿಯೂಟ, ಎಲ್ಲದಕ್ಕೂ ಮಾತಾಡಿದೆವು. ಊಟಕ್ಕೆ ಮಾತ್ರ ನಾನು ಲ್ಯಾಬಿನಲ್ಲೇ ಕೂರುತ್ತಿದ್ದೆ. ಒಂದೆರಡು ಸಲ ಡಬ್ಬಿಯ ಮುಚ್ಚಳದಲ್ಲಿ ಏನೋ ಹಾಕಿ ಮೇಜಿನ ಮೇಲಿಟ್ಟು ಹೋದಳು. ತೊಳೆದು ತಿರುಗಿ ಕೊಟ್ಟೆ.

ಮುಂದಿನ ವರ್ಷ ಅವಳೇ ಕೇಳಿ ಸಿಂದಗಿಯ ಕಡೆಗೆ ವರ್ಗ ಮಾಡಿಸಿಕೊಂಡಳು. ಬೀಳ್ಕೊಡುಗೆಯಲ್ಲಿ ನನ್ನನ್ನೇ ಮಾತಾಡಲು ಹೇಳಿದರು. ಅವಳು ಪದ್ಯ ಓದಿಸುವ ಚಂದದ ಬಗ್ಗೆ ಹೇಳಿದೆ, ಅದು ನಿಜವೂ ಆಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ವರಾಂಡದಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಒಂದ್ ಸಲಾ ಬಾಯಿ ತುಂಬ ಬೈದಬಿಡು ನನಗ. ಹಿಂಗ ನೆಟ್ಟಗ ಮಾತಾಡಿ ಕೊಲ್ಲಬ್ಯಾಡ."

ಬೈದಿದ್ದರೆ ಅವಳು ಹಗುರಾಗುತ್ತಿದ್ದಳು, ನಾನೂ ಆಗುತ್ತಿದ್ದೆನೇನೋ. ಬಾಯಿಗೆ ಬಂದ ಮಾತುಗಳು ಒಂದಲ್ಲ, ಹತ್ತು. ಯಾವುದನ್ನೂ ಅವಳಿಗೆ ಕೊಡಲು ಮನಸ್ಸಾಗಲಿಲ್ಲ.

"ಮಾಸ್ತರು ಕಾಯಾಕತ್ತಾರ, ಹೋಗಿ ಬರ್ತೇನಿ" ಅಂದೆ. ಸೆರಗು ಬಿಡಿಸಿಕೊಂಡು ಮೆಟ್ಟಿಲಿಳಿದೆ. ಮಾಸ್ತರು ಆಗಲೇ ಹಿಂದಿನ ಸೀಟಿನಲ್ಲಿ ಕೂತು, ಬೀಳ್ಕೊಡುಗೆಯಲ್ಲಿ ಕೊಟ್ಟ ಅವಲಕ್ಕಿ ಚೂಡಾದ ಪೊಟ್ಟಣ ಬಿಚ್ಚಿಕೊಂಡಿದ್ದರು.